ಸ್ಟಾಫಾಕ್ಕೆ ದೋಣಿ ಬಿಡದ ಭಾಸ್ಕರಣ್ಣ

ಭಾಸ್ಕರಣ್ಣ ಮಾನಿಟರಿನ ಮೇಲೆ ಬೆರಳಿಟ್ಟು ಕಲ್ಲಿನ ಮೂಲೆ ಎಣಿಸುತ್ತಿದ್ದರು. ಅಮೆರಿಕದ ಸನ್ನಿವೇಲಿನ ನಮ್ಮ ಆಫೀಸಿನಲ್ಲಿ ಎಲ್ಲರ ಪರದೆಗಳೂ ಫಳಫಳ, ಅವರದರ ತುಂಬ ಬೆರಳಚ್ಚು.

ಡಾಟ್‌ಕಾಮ್ ಅಬ್ಬರದ ದಿನಗಳು. ಕೂತಲ್ಲೇ ಕಂಪ್ಯೂಟರಿನಲ್ಲಿ ಜಗತ್ತು ತೋರಿಸುತ್ತೇವೆಂದು ಹೊರಟ ಕಂಪನಿ ನಮ್ಮದು. ನಮ್ಮಿಬ್ಬರ ಪಾಲಿಗೆ ಬಂದದ್ದು ಸ್ಕಾಟ್ಲೆಂಡಿನ ಸ್ಟಾಫಾ. ಜನವಸತಿಯಿಲ್ಲದ ಪುಟ್ಟ ದ್ವೀಪ. ಲಾವಾ ತಣ್ಣಗಾಗಿ ಎದ್ದುನಿಂತ ಕಲ್ಲಿನ ಕಂಬಗಳು, ಅವುಗಳ ನಡುವೆ ಕಡಲು ನುಗ್ಗುವ ಗುಹೆಗಳು. ನಾನು ಬೆಂಗಳೂರಿನವಳು, ನನಗೆ ಕಡಲೆಂದರೆ ಬೀಚು ಅಷ್ಟೆ. ಭಾಸ್ಕರಣ್ಣ ಮಲ್ಪೆಯ ಮೀನುಗಾರರ ಮನೆಯವರು. ಮಲ್ಪೆಯೆದುರಿನ ದ್ವೀಪದಲ್ಲೂ ಅಂಥವೇ ಕಂಬಗಳಿವೆ, ಅವನ್ನು ಹತ್ತಿಳಿದು ಬೆಳೆದವರು.

ಡಿಸೈನರು ಆರು ಮೂಲೆಯ ಒಂದೇ ಕಂಬವನ್ನು ದ್ವೀಪದ ತುಂಬ ಅಂಟಿಸಿಟ್ಟಾಗ ಅವರ ಸಿಟ್ಟು ನೆತ್ತಿಗೇರಿತು. "ಇದೆಂತ ಮಾರಾಯ್ತಿ, ಬಾತ್‌ರೂಮಿನ ಟೈಲ್ಸಾ? ಐದು ಮೂಲೆಯದ್ದು ಉಂಟು, ಏಳರದ್ದು ಉಂಟು. ಕಲ್ಲಿಗೂ ಒಂದು ಮರ್ಯಾದೆ ಬೇಡವಾ?" ಮೂರು ವಾರ ಕೂತು ಒಂದೊಂದೇ ಕಂಬ ತಿದ್ದಿದರು. ನಮ್ಮ ಮ್ಯಾನೇಜರ್ ಮಹಾನುಭಾವ ಅದನ್ನು ಮೀಟಿಂಗಿನಲ್ಲಿ ತನ್ನದೇ ಐಡಿಯಾ ಎಂದು ತೋರಿಸಿದ.

'ದ್ವೀಪಕ್ಕೆ ಇಳಿಯಿರಿ' ಎಂದೊಂದು ಬಟನ್ನಿತ್ತು. ಯಾವಾಗ ಒತ್ತಿದರೂ ದೋಣಿ ಹೊರಡುವುದು ಭಾಸ್ಕರಣ್ಣನಿಗೆ ಸಹಿಸಲಾಗಲಿಲ್ಲ. ಅವರ ಚಿಕ್ಕಪ್ಪ ಒಂದು ಜೂನಿನಲ್ಲಿ ಕಡಲಿಗಿಳಿದು ಮರಳಿರಲಿಲ್ಲ. "ಕಡಲು ಬೇಡ ಹೇಳಿದ್ರೆ ಬೇಡ. ಸುಳ್ಳು ತೋರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು, ಜೂನಿನಿಂದ ಮೂರು ತಿಂಗಳು ಅಲ್ಲಿ 'ಇಂದು ದೋಣಿಯಿಲ್ಲ' ಎಂದು ಬರುವಂತೆ ಮಾಡಿಟ್ಟರು. ತೆಗೆಯಲು ಮ್ಯಾನೇಜರ್ ಎರಡು ಸಲ ಹೇಳಿದ. ಇವರು ತೆಗೆಯಲಿಲ್ಲ.

ಹೂಡಿಕೆದಾರರು ಬಂದದ್ದು ಜೂನಿನಲ್ಲೇ. ಬಟನ್ ಒತ್ತಿದರು, ಇಂದು ದೋಣಿಯಿಲ್ಲ. ಸಂಜೆಯೊಳಗೆ ಸಾಮಾನು ತುಂಬಿಕೊಂಡು ಹೊರಡಲು ಭಾಸ್ಕರಣ್ಣನ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟರು. ಕೆಲಸದ ಜೊತೆ ವೀಸಾವೂ ಹೋಯಿತು. ಎರಡು ಮಕ್ಕಳ ಸಂಸಾರ ಎಂದು ಯಾರೂ ಯೋಚಿಸಲಿಲ್ಲ.

ನನಗೆ ಈಗಲೂ ಮೈ ಉರಿಯುವುದು ಯಾಕೆ ಗೊತ್ತೇ? ಅವರು ನಿಜಕ್ಕೂ ತಪ್ಪು ಮಾಡಿದ್ದರು. ಸ್ಕಾಟ್ಲೆಂಡಿಗೆ ಜೂನ್ ಬೇಸಿಗೆ, ದೋಣಿ ಹೋಗುವುದೇ ಆಗ. ಇವರು ಮಲ್ಪೆಯ ಮಳೆಗಾಲವನ್ನು ಅಲ್ಲಿಗೆ ಹೊತ್ತೊಯ್ದಿದ್ದರು. ನನಗೇ ಅದು ತಿಳಿದದ್ದು ಆ ಸಂಜೆ, ಅಲ್ಲಿನ ದೋಣಿಗಳ ವೇಳಾಪಟ್ಟಿ ಹುಡುಕಿದ ಮೇಲೆ. ಅವರನ್ನು ಓಡಿಸಿದವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ತಪ್ಪಿಗಲ್ಲ, 'ಇಲ್ಲ' ಎಂದದ್ದಕ್ಕೆ ಓಡಿಸಿದರು.

ಪಾರ್ಕಿಂಗ್ ಲಾಟಿನಲ್ಲಿ ವಿಷಯ ಹೇಳಿದೆ. ಪೆಟ್ಟಿಗೆಯನ್ನು ಕಾರಿನ ಮೇಲಿಟ್ಟರು. "ಹೌದಲ್ಲ, ನನ್ನ ಮಂಡೆಗೆ ಹೋಗ್ಲೇ ಇಲ್ಲ ನೋಡು. ನೀನು ಅದನ್ನು ಚಳಿಗಾಲಕ್ಕೆ ಹಾಕು. ಪೂರಾ ತೆಗೀಬೇಡ, ಆಯ್ತಾ?"

"ಆಯ್ತು ಭಾಸ್ಕರಣ್ಣ" ಎಂದೆ.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತ. ನನ್ನದೂ ಅದೇ ವೀಸಾ. 'ಇಂದು ದೋಣಿಯಿಲ್ಲ' ಎನ್ನುವ ಕೋಡಿನ ಸಾಲುಗಳನ್ನು ಪೂರಾ ಅಳಿಸಿದೆ.

ತಿಂಗಳೊಳಗೆ ಅವರು ಊರಿಗೆ ಹೊರಟರು. ಏರ್‌ಪೋರ್ಟಿನಿಂದ ಫೋನ್ ಮಾಡಿದರು, "ಚಳಿಗಾಲಕ್ಕೆ ಹಾಕಿದ್ಯಾ?"

"ಹಾಕಿದೆ" ಎಂದೆ.