ಹಿಡಿಯೋದು ಸರಿ, ಬಿಡ್ತದಾ?

ಅಮೃತಾಪುರ ಬಿಟ್ಟಾಗಿನಿಂದ ನನ್ನ ಹಳೇ ಕಾರು ಮುಂದಕ್ಕೆ ಹೋಗಲು ಒಲ್ಲದೆ ಮುನಿಸಿಕೊಂಡಿತ್ತು. ಪೆಟ್ರೋಲೇ ಕಲಬೆರಕೆ ಎಂದು ದಾರಿಯುದ್ದಕ್ಕೂ ಬೈದೆ. ಪಕ್ಕದಲ್ಲಿದ್ದ ಹೆಂಡತಿ, "ಹಿಂದೆ ಏನೋ ಸುಟ್ಟ ವಾಸನೆ ಬತ್ತೈತೆ ಕಣ್ರೀ," ಎಂದಳು. ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎಂದು ಬಾಯಿ ಮುಚ್ಚಿಸಿದೆ.

ತರೀಕೆರೆಯ ಮೆಕ್ಯಾನಿಕ್ ಕೇಳಿದ, "ಬ್ರೇಕ್ ಹಿಡೀತದಾ ಸಾರ್?"

"ಭೇಷಾಗಿ ಹಿಡಿಯುತ್ತೆ!" ಎಂದೆ ಜಂಬದಿಂದ.

"ಹಿಡಿಯೋದು ಸರಿ, ಬಿಡ್ತದಾ?"

ಅಷ್ಟರಲ್ಲಿ ಹೆಂಡತಿ ನೀರಿನ ಬಾಟಲಿ ತೆರೆದು, ದೋಸೆ ಹಂಚಿಗೆ ನೀರು ಚಿಮುಕಿಸುವಂತೆ, ನಾಲ್ಕೂ ಚಕ್ರಗಳ ನಡುಮಧ್ಯಕ್ಕೆ ಚಿಮುಕಿಸುತ್ತಾ ಬಂದಳು. ಮೂರು ಸುಮ್ಮನಿದ್ದವು. ಹಿಂದಿನ ಎಡಚಕ್ರ ಮಾತ್ರ ಚುಂಯ್ ಎಂದಿತು.

ಮೆಕ್ಯಾನಿಕ್ ಜಾಕ್ ಏರಿಸಿ ನೋಡಿದ. ಆ ಚಕ್ರ ಕೈಗೆ ತಿರುಗಲೇ ಇಲ್ಲ. ತಿಂಗಳುಗಟ್ಟಲೆ ನಾನು ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರಿಂದ ಕೇಬಲ್ ತುಕ್ಕು ಹಿಡಿದು, ಲಿವರ್ ಇಳಿಸಿದರೂ ಬ್ರೇಕ್ ಬಿಡುತ್ತಿರಲಿಲ್ಲ.

"ಹಿಡಿದದ್ದು ಬಿಡಂಗಿಲ್ಲ, ಅಷ್ಟೇ ಕಾಯಿಲೆ," ಎಂದ.

ಹೆಂಡತಿ ನನ್ನತ್ತ ನೋಡಿ ನಕ್ಕಳು. "ಮನೇಲೂ ಅಂಥದ್ದೊಂದೈತೆ ಕಣಪ್ಪಾ. ನೀರು ಹಾಕಿದ್ರೆ ಅದೂ ಚುಂಯ್ ಅಂತದೆ."