ಮಂಜುಗಡ್ಡೆಯಲ್ಲಿ ನಾಲ್ಕನೆಯ ತೂತು

2010ರ ಡಿಸೆಂಬರ್‌ನಲ್ಲಿ ನಾನು ಲೀಡ್ಸ್‌ನ ಒಂದು ಸಣ್ಣ ಸಂಸ್ಥೆಯಲ್ಲಿ ಮೀನುಗಳ ಆರೋಗ್ಯ ಸಲಹೆಗಾರ್ತಿಯಾಗಿದ್ದೆ. ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿ, ಮದುವೆಯಾಗಿ ಇಂಗ್ಲೆಂಡಿಗೆ ಬಂದವಳು ನಾನು. ಕೆರೆಯ ನೀರು ಕೆಟ್ಟರೆ, ಮೀನಿಗೆ ಹುಣ್ಣೆದ್ದರೆ, ಸಾಕಣೆ ಕೊಳದಲ್ಲಿ ಮರಿಗಳು ಸಾಯತೊಡಗಿದರೆ ನಮ್ಮ ಕಚೇರಿಗೆ ಫೋನ್ ಬರುತ್ತಿತ್ತು. ಮೀನಿಗೂ ಡಾಕ್ಟರ್ ಇರುತ್ತಾರೆಯೇ ಎಂದು ಊರಿನಲ್ಲಿ ಇವತ್ತಿಗೂ ನಗುತ್ತಾರೆ. ನಾನು ಡಾಕ್ಟರ್ ಅಲ್ಲ. ಆದರೆ ಆ ಚಳಿಗಾಲದಲ್ಲಿ ಒಬ್ಬ ಮುದುಕ ನನ್ನನ್ನು ಹಾಗೆಯೇ ನಂಬಿ ಕರೆದಿದ್ದ.

ಅವನ ಹೆಸರು ಡೆರಿಕ್. ಲೀಡ್ಸ್‌ನಿಂದ ದಕ್ಷಿಣಕ್ಕೆ, ಹಿಂದೆ ಕಲ್ಲಿದ್ದಲ ಗಣಿಯಿದ್ದ ಒಂದು ಊರಿನ ಆಂಗ್ಲಿಂಗ್ ಕ್ಲಬ್ಬಿನ ಕಾರ್ಯದರ್ಶಿ. ಆಂಗ್ಲಿಂಗ್ ಎಂದರೆ ಗಾಳ ಹಾಕಿ ಮೀನು ಹಿಡಿಯುವುದು. ಆದರೆ ಇಲ್ಲಿನ ಕ್ಲಬ್‌ಗಳಲ್ಲಿ ಹಿಡಿದ ಮೀನನ್ನು ಯಾರೂ ತಿನ್ನುವುದಿಲ್ಲ. ಒದ್ದೆ ಚಾಪೆಯ ಮೇಲೆ ಮಲಗಿಸಿ, ತೂಕ ನೋಡಿ, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುತ್ತಾರೆ. ನಮ್ಮ ಕರಾವಳಿಯವರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ. ನನಗೂ ಮೊದಲು ಹಾಗೇ ಕಂಡಿತ್ತು. ಆದರೆ ಹೀಗೆ ಹಿಡಿದು ಬಿಡುವುದರಿಂದ ಒಂದೇ ಮೀನು ವರ್ಷಗಟ್ಟಲೆ ಬದುಕುತ್ತದೆ, ಜನರಿಗೆ ಅದರ ಮುಖದ ಗುರುತು ಹತ್ತುತ್ತದೆ.

ಗಣಿ ಮುಚ್ಚಿದ ವರ್ಷ ಕೆಲಸ ಕಳೆದುಕೊಂಡವರೆಲ್ಲ ಸೇರಿ, ಗಣಿಯ ಪಕ್ಕದ ಹಳ್ಳವನ್ನು ಹೂಳೆತ್ತಿ ಕೊಳ ಮಾಡಿದ್ದರು. ಅದಕ್ಕೆ ಕಾರ್ಪ್ ಮರಿಗಳನ್ನು ಬಿಟ್ಟಿದ್ದರು. ಕಾರ್ಪ್ ಎಂದರೆ ನಮ್ಮ ಗೆಂಡೆ ಜಾತಿಯ ಮೀನು. ಆ ಮರಿಗಳು ಈಗ ತೋಳಿನಷ್ಟು ಉದ್ದ ಬೆಳೆದಿದ್ದವು. ಎಡಪಕ್ಕದಲ್ಲಿ ಹುರುಪೆ ಇಲ್ಲದ ಒಂದು ದೊಡ್ಡ ಹೆಣ್ಣು ಮೀನಿಗೆ ಬೆಸ್ಸಿ ಎಂದು ಹೆಸರಿಟ್ಟಿದ್ದರು. ಕೊಳ ತೋಡಿದವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು; ಗಣಿಯ ದೂಳು ಅವರ ಶ್ವಾಸಕೋಶ ತಿಂದಿತ್ತು.

ಆ ವರ್ಷ ನವೆಂಬರ್ ಕೊನೆಗೇ ಹಿಮ ಬಿತ್ತು. ಮೇಲಿಂದ ಮೇಲೆ ಬಿತ್ತು. ಶಾಲೆಗಳು ಮುಚ್ಚಿದವು, ರೈಲುಗಳು ನಿಂತವು. ಕೊಳ ಪೂರ್ತಿ ಹೆಪ್ಪುಗಟ್ಟಿತು. ಬರಿಯ ಮಂಜುಗಡ್ಡೆಯಿಂದ ಮೀನಿಗೆ ಅಷ್ಟು ತೊಂದರೆಯಿಲ್ಲ. ಗಾಜಿನಂತಿರುವ ಗಡ್ಡೆಯೊಳಗಿಂದ ಬೆಳಕು ಇಳಿಯುತ್ತದೆ, ನೀರಿನೊಳಗಿನ ಪಾಚಿ, ಸಸ್ಯಗಳು ಆಮ್ಲಜನಕ ಕೊಡುತ್ತಲೇ ಇರುತ್ತವೆ. ಅದರ ಮೇಲೆ ಹಿಮ ಕೂತರೆ ಮಾತ್ರ ಕಿಟಕಿಗೆ ಕಂಬಳಿ ಹೊದಿಸಿದ ಹಾಗೆ. ಬೆಳಕಿಲ್ಲದೆ ಸಸ್ಯಗಳು ಸಾಯುತ್ತವೆ, ಕೊಳೆಯುತ್ತವೆ, ಇದ್ದ ಆಮ್ಲಜನಕವನ್ನೂ ತಿನ್ನುತ್ತವೆ. ಮೇಲಿನಿಂದ ಗಾಳಿ ಒಳಗೆ ಹೋಗುವ ದಾರಿಯಿಲ್ಲ.

“ತೊರೆ ಬಂದು ಸೇರುವ ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ಜಾಗ ತೆರೆದಿದೆ, ಲವ್. ಚಿಕ್ಕ ಮೀನುಗಳೆಲ್ಲ ಅಲ್ಲಿ ಬಾಯಿ ಬಿಟ್ಟುಕೊಂಡು ನಿಂತಿವೆ,” ಎಂದ ಡೆರಿಕ್ ಫೋನಿನಲ್ಲಿ. ಲೀಡ್ಸ್ ಇರುವ ಈ ಯಾರ್ಕ್‌ಶೈರಿನವರ ಬಾಯಲ್ಲಿ ‘ಲವ್’ ಎಂದರೆ ನಮ್ಮಲ್ಲಿ ‘ತಂಗೀ’ ಅಂದ ಹಾಗೆ.

“ದೊಡ್ಡವು?”

“ಒಂದೂ ಕಾಣುತ್ತಿಲ್ಲ.”

ಆ ಶನಿವಾರ ನನ್ನ ಗಂಡ ಬಸವರಾಜ ಕಾರು ಓಡಿಸಲು ಜೊತೆಗೆ ಬಂದರು. ಗದಗ ಕಡೆಯವರು, ಮೆಕ್ಯಾನಿಕಲ್ ಎಂಜಿನಿಯರ್. ಹಿಮದ ರಸ್ತೆಯಲ್ಲಿ ನನ್ನೊಬ್ಬಳನ್ನೇ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ನಾವು ಹೋದಾಗ ಡೆರಿಕ್ ಮತ್ತು ಕ್ಲಬ್ಬಿನ ಇನ್ನೂ ಕೆಲವರು ದಡದಲ್ಲಿ ಕಾಯುತ್ತಿದ್ದರು. ತೊರೆಯ ಮೂಲೆಯಲ್ಲಿ ನನ್ನ ಆಕ್ಸಿಜನ್ ಮೀಟರಿನ ತಂತಿ ಇಳಿಬಿಟ್ಟೆ. ಕಾರ್ಪ್ ಮೀನಿಗೆ ಒಂದು ಲೀಟರ್ ನೀರಿನಲ್ಲಿ ಐದಾರು ಮಿಲಿಗ್ರಾಂ ಆಮ್ಲಜನಕ ಇದ್ದರೆ ನೆಮ್ಮದಿ. ಅಲ್ಲಿ ಎರಡು ತೋರಿಸಿತು. ಹೊಸ ನೀರು ಬರುವ ಜಾಗದಲ್ಲೇ ಎರಡು ಎಂದರೆ, ಆಚೆ ಆಳದಲ್ಲಿ ಎಷ್ಟಿರಬಹುದು? ಚಳಿಗಾಲದಲ್ಲಿ ದೊಡ್ಡ ಕಾರ್ಪ್‌ಗಳು ಆಳದ ತಳ ಹಿಡಿದು ನಿದ್ದೆ ಹೋದಂತೆ ಬಿದ್ದಿರುತ್ತವೆ. ಉಸಿರು ಕಟ್ಟಿದರೂ ಅಲ್ಲಿಂದ ಎದ್ದು ಇಷ್ಟು ದೂರ ಬರುವ ಚೈತನ್ಯ ಅವಕ್ಕೆ ಇರುವುದಿಲ್ಲ. ಗಾಳಿಯೇ ಅವುಗಳ ಬಳಿಗೆ ಹೋಗಬೇಕು.

ಕ್ಲಬ್ಬಿನ ಬಳಿ ಗಾಳಿ ಊದುವ ಪಂಪ್ ಇತ್ತು, ಜನರೇಟರ್ ಇತ್ತು. ಕೊಳವೆ ಇಳಿಸಲು ತೂತು ಇರಲಿಲ್ಲ. ಸುತ್ತಿಗೆಯಿಂದ ಒಡೆಯುವಂತಿಲ್ಲ, ಆ ಏಟು ನೀರಿನಲ್ಲಿ ಸಿಡಿಲಿನಂತೆ ಹರಡಿ, ಮೊದಲೇ ಬಳಲಿದ ಮೀನಿಗೆ ಆಘಾತ ಕೊಡುತ್ತದೆ. ಮಂಜುಗಡ್ಡೆ ಕೊರೆಯುವ ಆಗರ್ ಬೇಕು. ಬಡಗಿಯ ಬೈರಿಗೆಯನ್ನು ಸೊಂಟದೆತ್ತರ ಮಾಡಿದರೆ ಹೇಗೋ ಹಾಗಿರುತ್ತದೆ. ಗಡ್ಡೆಯಲ್ಲಿ ತೂತು ಕೊರೆದು ಗಾಳ ಹಾಕುವ ಚಳಿದೇಶಗಳಲ್ಲಿ ಅದು ಮನೆಮನೆಯಲ್ಲೂ ಸಿಗುತ್ತದಂತೆ. ಇಂಗ್ಲೆಂಡಿನಲ್ಲಿ ಯಾವ ಅಂಗಡಿಯೂ ಇಡುವುದಿಲ್ಲ.

ಆದರೆ ಡೆರಿಕ್‌ನ ಶೆಡ್ಡಿನಲ್ಲಿ ಒಂದಿತ್ತು. ಕೆನಡಾಕ್ಕೆ ಹೋಗಿ ನೆಲೆಸಿದ್ದ ಅವನ ತಮ್ಮ ಯಾವಾಗಲೋ ತಂದುಕೊಟ್ಟಿದ್ದು. ಕೈಯಿಂದ ತಿರುಗಿಸುವ ಹಿಡಿಕೆ ಮುರಿದು ಎಲ್ಲೋ ಹೋಗಿತ್ತು. ಬಸವರಾಜ ಅದನ್ನು ಎತ್ತಿ ತಿರುಗಿಸಿ ನೋಡಿದರು.

“ಹಿಡಿಕಿ ಇಲ್ಲದಿದ್ರ ಏನಾತು? ಅಲಗು ಚಲೋ ಅದಾವ,” ಎಂದರು. “ಕಾರಿನಾಗ ನಮ್ಮ ಡ್ರಿಲ್ ಅದ ನೋಡು. ಅದಕ್ಕ ಸಿಗಿಸಿದ್ರ ತಿರಗತದ.”

“ಗೋಡೆಗೆ ಮೊಳೆ ಹೊಡೆಯುವ ಡ್ರಿಲ್ ಮಾರಾಯ್ರೆ ಅದು!”

“ಹದಿನೆಂಟು ವೋಲ್ಟಿಂದದ. ಸಾವಕಾಶ ಗೇರಿನಾಗ ಹಾಕಿದ್ರ ಜೋರು ಬರತದ. ನೋಡೂಣು ತಡಿ.”

ನಾವು ಆಗಷ್ಟೇ ಮನೆ ಕೊಂಡಿದ್ದೆವು. ಶೆಲ್ಫ್, ಪರದೆ ಅಂತ ಆ ಬ್ಯಾಟರಿ ಡ್ರಿಲ್ ಯಾವಾಗಲೂ ಅವರ ಕಾರಿನಲ್ಲೇ ಇರುತ್ತಿತ್ತು. ಡೆರಿಕ್‌ನ ಶೆಡ್ಡಿನಲ್ಲಿ ಕೂತು, ಆಗರಿನ ದಂಡದ ತುದಿಯನ್ನು ಮೂರು ಕಡೆ ಚಪ್ಪಟೆಯಾಗಿ ಅರದಿಂದ ಉಜ್ಜಿದರು. ಡ್ರಿಲ್ಲಿನ ಮೂತಿಗೆ ಚಕ್ ಎನ್ನುತ್ತಾರೆ; ಅದರೊಳಗಿನ ಮೂರು ಹಲ್ಲುಗಳು ದಂಡವನ್ನು ಕಚ್ಚಿ ಹಿಡಿಯಬೇಕು. ಕಚ್ಚಿದವು.

ಗಡ್ಡೆಯ ಮೇಲೆ ಹೆಜ್ಜೆ ಇಡುವ ಮೊದಲು ನಾನೊಂದು ನಿಯಮ ಹಾಕಿದೆ. ಒಬ್ಬ ಮನುಷ್ಯ ನಿಲ್ಲಲು ಗಟ್ಟಿ ಗಡ್ಡೆ ಕಡೇ ಪಕ್ಷ ನಾಲ್ಕು ಇಂಚು ಇರಬೇಕು. ದಡದಿಂದ ಕೊರೆಯುತ್ತ ಹೋಗುವುದು. ಪ್ರತಿ ತೂತಿನಲ್ಲೂ ದಪ್ಪ ಅಳೆಯುವುದು. ಸಾಕಷ್ಟಿದ್ದರೆ ಮಾತ್ರ ಮುಂದಿನ ಹೆಜ್ಜೆ. ಬಸವರಾಜರ ಸೊಂಟಕ್ಕೂ, ಹಿಂದೆ ಮೀಟರ್ ಹಿಡಿದು ಬರುವ ನನ್ನ ಸೊಂಟಕ್ಕೂ ಹಗ್ಗ ಕಟ್ಟಿದೆವು, ಇನ್ನೊಂದು ತುದಿಗಳನ್ನು ದಡದವರು ಹಿಡಿದರು.

ಮೊದಲನೆಯ ತೂತು ಸಲೀಸಾಗಿ ಬಂತು. ಬಿಳಿ ಪುಡಿ ತುರಿದ ಕಾಯಿಯಂತೆ ಮೇಲೆದ್ದು ಬಂತು, ಆಮೇಲೆ ಕಪ್ಪು ನೀರು ಉಕ್ಕಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆರು ಇಂಚು. ಎರಡನೆಯದರ ಅರ್ಧದಲ್ಲಿ ಡ್ರಿಲ್ ಗೊರಗೊರ ಅಂದು ನಿಂತಿತು. ಚಳಿಗೆ ಬ್ಯಾಟರಿ ಸೋತಿತ್ತು. ಇನ್ನೊಂದು ಬ್ಯಾಟರಿಯನ್ನು ನಾನು ಸ್ವೆಟರಿನೊಳಗೆ ಮೈಗೆ ಒತ್ತಿ ಇಟ್ಟುಕೊಂಡಿದ್ದೆ. ಅದನ್ನು ಹಾಕಿ ಮುಗಿಸಿದೆವು. ಮೂರನೆಯದು ಐದು ಇಂಚು. ಆ ತೂತಿನಲ್ಲಿ ಮೀಟರ್ ಇಳಿಸಿದೆ, ಒಂದೂವರೆ ತೋರಿಸಿತು. ಮೂರಕ್ಕೂ ಕೊಳವೆ ಇಳಿಸಿ ಪಂಪ್ ಚಾಲೂ ಮಾಡಿದರು. ಗುಳ್ಳೆಗಳು ಎದ್ದವು. ಆದರೆ ಅದು ಇನ್ನೂ ಮೊಣಕಾಲು, ಸೊಂಟದಾಳದ ನೀರು. ದೊಡ್ಡ ಮೀನುಗಳಿದ್ದದ್ದು ಇನ್ನೂ ಆಚೆ.

ನಾಲ್ಕನೆಯದರಲ್ಲಿ ಅಲಗು ಗಡ್ಡೆಯ ತಳ ಮುಟ್ಟಿದಾಗ ಸಿಕ್ಕಿಕೊಂಡಿತು. ಒಳಗೆ ನಿಂತ ಅಲಗು, ಹೊರಗೆ ತಿರುಗುವ ಡ್ರಿಲ್: ಬಸವರಾಜರ ಮಣಿಕಟ್ಟು ಗರಕ್ಕನೆ ತಿರುಚಿತು. ಅವರು ಹಲ್ಲು ಕಚ್ಚಿ ನಿಂತರು. ಸಿಕ್ಕಿದ್ದನ್ನು ಬಿಡಿಸಲು ಡ್ರಿಲ್ಲನ್ನು ಹಿಮ್ಮುಖ ತಿರುಗಿಸಿದರು. ಅಲಗು ಬಿಡಿಸಿಕೊಂಡಿತು. ಅದೇ ಎಳೆತಕ್ಕೆ ಚಕ್ ಕೂಡ ಸಡಿಲವಾಯಿತು. ಡ್ರಿಲ್ ಅವರ ಕೈಯಲ್ಲೇ ಮೇಲೆ ಬಂತು, ಆಗರ್ ಕೆಳಗೆ ಹೋಯಿತು. ಒಂದು ಸದ್ದೂ ಆಗಲಿಲ್ಲ.

“ಹೋತು,” ಎಂದರು ಬಸವರಾಜ. ಖಾಲಿ ಚಕ್ ಇನ್ನೂ ಸುತ್ತುತ್ತಿತ್ತು. “ಸುಮಾ, ಹೋತು ನೋಡು.”

ಚಳಿದೇಶದವರು ದಂಡಕ್ಕೆ ಅಗಲವಾದ ಒಂದು ತಟ್ಟೆ ಸಿಗಿಸುತ್ತಾರಂತೆ, ಕಳಚಿದರೂ ತೂತಿನೊಳಗೆ ಬೀಳದಂತೆ. ಅದು ನಮಗೆ ತಿಳಿದದ್ದು ಎಷ್ಟೋ ತಿಂಗಳ ನಂತರ. ಹಗ್ಗಕ್ಕೆ ಕೊಕ್ಕೆ ಕಟ್ಟಿ ಇಳಿಸಿ ಅರ್ಧ ತಾಸು ತಡಕಾಡಿದೆವು. ತಳದ ಕೆಸರು ಅದನ್ನು ನುಂಗಿತ್ತು.

ಆ ತೂತಿನಲ್ಲಿ ಗಡ್ಡೆಯ ದಪ್ಪ ಅಳೆದೆ. ನಾಲ್ಕು ಇಂಚು, ಅಷ್ಟೇ. ಆಚೆ ಹೋದಂತೆ ಇನ್ನೂ ತೆಳುವಾಗುತ್ತಿರಬಹುದು. ಎಷ್ಟೆಂದು ತಿಳಿಯಲು ತೂತು ಬೇಕು, ತೂತಿಗೆ ಆಗರ್ ಬೇಕು. ಮೀಟರಿನ ತಂತಿಯನ್ನು ಪೂರ್ತಿ ಬಿಟ್ಟೆ. ಅಂಕಿ ಇಳಿಯುತ್ತ ಇಳಿಯುತ್ತ ಒಂದಕ್ಕಿಂತ ಕೆಳಗೆ ಹೋಗಿ ನಿಂತಿತು. ಈ ತೂತಿಗೂ ಕೊಳವೆ ಇಳಿಸಿದೆವು; ಆದರೆ ದೊಡ್ಡ ಮೀನುಗಳಿದ್ದ ಆಳ ಇನ್ನೂ ಆಚೆ ಇತ್ತು.

“ಇಲ್ಲಿಗೆ ನಿಲ್ಲಿಸೋಣ,” ಎಂದೆ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ಇಬ್ಬರೂ ದಡಕ್ಕೆ ಬಂದು ಹಗ್ಗ ಬಿಚ್ಚಿದೆವು. ನಾನು ಅವರ ಮಣಿಕಟ್ಟಿಗೆ ಮಫ್ಲರ್ ಸುತ್ತುತ್ತಿದ್ದೆ. ತಲೆಯೆತ್ತಿದಾಗ ಡೆರಿಕ್ ನಾಲ್ಕನೆಯ ತೂತನ್ನು ದಾಟಿ ನಡೆಯುತ್ತಿದ್ದ. ಹಗ್ಗವಿಲ್ಲ, ಏನಿಲ್ಲ. ಕ್ಲಬ್ಬಿನವರು ಕೂಗಿದರು. ಅವನು ತಿರುಗಲಿಲ್ಲ. ಕೊಳದ ನಡುವಿಗೆ ಹೋಗಿ, ಮೊಣಕಾಲೂರಿ, ನಿಧಾನ ಹೊಟ್ಟೆಯ ಮೇಲೆ ಮಲಗಿದ. ಎರಡೂ ಕೈಯಿಂದ ಹಿಮವನ್ನು ಪಕ್ಕಕ್ಕೆ ಸರಿಸತೊಡಗಿದ. ಕಿಟಕಿಯ ಗಾಜು ಒರೆಸಿದ ಹಾಗೆ ಒರೆಸಿ, ಮುಖವನ್ನು ಗಡ್ಡೆಗೆ ತಾಗಿಸಿದ.

“ಇಲ್ಲೇ ಇವೆ!” ಎಂದು ಅಲ್ಲಿಂದ ಕೂಗಿದ. “ನನ್ನ ಕೆಳಗೇ ಇವೆ. ಬೆಸ್ಸಿ ಇದ್ದಾಳೆ, ಕಿವಿರು ಆಡಿಸುತ್ತಿದ್ದಾಳೆ. ಡ್ರಿಲ್ ತನ್ನಿ!”

ಡ್ರಿಲ್ ನನ್ನ ಕಾಲ ಬಳಿಯೇ ಇತ್ತು. ಅದಕ್ಕೆ ಸಿಗಿಸಲು ನಮ್ಮಲ್ಲಿದ್ದದ್ದು ಗೋಡೆಗೆ ಮೊಳೆ ತೂತು ಕೊರೆಯುವ, ಬೆರಳಿಗಿಂತ ತೆಳುವಾದ ಕಡ್ಡಿಗಳು. ಆ ಮೀನುಗಳಿಗೂ ಅವನ ಮುಖಕ್ಕೂ ನಡುವೆ ಇದ್ದದ್ದು ಒಂದು ಗೇಣಿನಷ್ಟೂ ಇಲ್ಲದ ಗಡ್ಡೆ ಮತ್ತು ಸ್ವಲ್ಪ ನೀರು. ನನ್ನ ಓದು, ಮೀಟರು, ಪಂಪು ಎಲ್ಲ ದಡದಲ್ಲೇ ಉಳಿದಿದ್ದವು. ಗಡ್ಡೆ ಎಲ್ಲೋ ಒಂದು ಕಡೆ ಲಟ್ಟೆಂದಿತು. ಆ ಸದ್ದು ಕೊಳದುದ್ದಕ್ಕೂ ಓಡಿಹೋಯಿತು.

ಕೂಗಿದರೆ ಅವನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ನಾನು ಮತ್ತೆ ಹಗ್ಗ ಕಟ್ಟಿಕೊಂಡು ನಾಲ್ಕನೆಯ ತೂತಿನವರೆಗೆ ಹೋಗಿ ನಿಂತೆ.

“ಡೆರಿಕ್, ನೀವು ಬಿದ್ದರೆ ನಿಮ್ಮ ಹಿಂದೆ ನಾನೇ ಇಳಿಯಬೇಕಾಗುತ್ತದೆ,” ಎಂದೆ. “ನನಗೆ ಈಜು ಬರುವುದಿಲ್ಲ.”

ಅವನು ಮುಖ ಎತ್ತಿ ನನ್ನನ್ನು ನೋಡಿದ. “ಮೀನಿನ ಡಾಕ್ಟರಿಗೆ ಈಜು ಬರುವುದಿಲ್ಲವೇ?”

“ಇಲ್ಲ. ಸಮುದ್ರದ ಪಕ್ಕದಲ್ಲೇ ಹುಟ್ಟಿದ್ದು. ಆದರೂ ಬರುವುದಿಲ್ಲ.”

ನಾನು ಹೇಳಿದ್ದು ನಿಜವೇ. ಅವನು ಮತ್ತೆ ಒಮ್ಮೆ ಕೆಳಗೆ ನೋಡಿ, ಅಂಗೈಯನ್ನು ಗಡ್ಡೆಯ ಮೇಲೆ ಇಟ್ಟು, ತೆಗೆದ. ಆಮೇಲೆ ಹೊಟ್ಟೆಯ ಮೇಲೇ ತೆವಳುತ್ತ ನನ್ನ ಕಡೆಗೆ ಬಂದ. ಅವನ ಗಲ್ಲ ಚಳಿಗೆ ಕೆಂಪಾಗಿ ತೊಯ್ದುಹೋಗಿತ್ತು.

ಮುಂದಿನ ವಾರಗಳಲ್ಲಿ ನಮ್ಮಿಂದ ಆದದ್ದು ಪಂಪ್ ಓಡಿಸಿದ್ದು ಮಾತ್ರ. ಉದ್ದ ಸಲಿಕೆಗಳಿಂದ ದಡದ ಸುತ್ತ ಹಿಮ ಸರಿಸಿದೆವು. ಮರುದಿನ ಮತ್ತೆ ಬೀಳುತ್ತಿತ್ತು. ನಾನು ಎಲ್ಲೆಲ್ಲಿಗೋ ಫೋನ್ ಮಾಡಿ ಇನ್ನೊಂದು ಆಗರ್ ಹುಡುಕಿದೆ. ವಿದೇಶದಿಂದ ತರಿಸುವುದಾಗಿ ಒಬ್ಬರು ಹೇಳಿದರು. ಆ ಹಿಮದಲ್ಲಿ ಪಾರ್ಸೆಲ್ ಎಲ್ಲೋ ಸಿಕ್ಕಿಕೊಂಡಿತು. ಬಸವರಾಜರ ಮಣಿಕಟ್ಟು ಉಳುಕಿತ್ತು, ಬಹಳ ದಿನ ಎಡಗೈಯಲ್ಲೇ ಊಟ ಮಾಡಿದರು.

ಜನವರಿಯಲ್ಲಿ ಗಡ್ಡೆ ಕರಗಿತು. ಆಮೇಲೆ ಕೆಲವು ದಿನಗಳಲ್ಲಿ ದೊಡ್ಡ ಕಾರ್ಪ್‌ಗಳು ಒಂದೊಂದಾಗಿ, ಬಿಳಿ ಹೊಟ್ಟೆ ಮೇಲಾಗಿ ತೇಲಿ ಬಂದವು. ನಾನು ರಬ್ಬರ್ ಗ್ಲೌಸ್ ಹಾಕಿ ಒಂದೊಂದನ್ನೂ ಪರೀಕ್ಷಿಸಿದೆ. ರೋಗವಿರಲಿಲ್ಲ, ಗಾಯವಿರಲಿಲ್ಲ. ಎಡಪಕ್ಕದಲ್ಲಿ ಹುರುಪೆ ಇಲ್ಲದ್ದನ್ನು ಡೆರಿಕ್ ಬೇರೆಯವರ ಕೈಗೆ ಕೊಡದೆ ತಾನೇ ಎತ್ತಿದ. ಆ ನಾಲ್ಕು ತೂತುಗಳ ಹತ್ತಿರ ಉಳಿದುಕೊಂಡಿದ್ದ ಸಣ್ಣ ಮೀನುಗಳು ಮತ್ತು ಬೆರಳೆಣಿಕೆಯ ಎಳೆಯ ಕಾರ್ಪ್‌ಗಳು ಮಾತ್ರ ಬದುಕಿದ್ದವು. ಆ ಡ್ರಿಲ್ಲಿನಿಂದ ಆದದ್ದು ಅಷ್ಟು.

ಫೆಬ್ರವರಿಯಲ್ಲಿ ಕ್ಲಬ್ಬಿನ ಕೋಣೆಯಲ್ಲಿ ಸದಸ್ಯರಿಗೆ ವರದಿ ಓದಿ ಹೇಳಿದೆ. ಸಾವಿಗೆ ಕಾರಣ ಆಮ್ಲಜನಕದ ಕೊರತೆ; ಯಾರ ತಪ್ಪೂ ಇಲ್ಲ; ಮುಂದಿನ ಚಳಿಗಾಲಕ್ಕೆ ಹೀಗೆ ಹೀಗೆ ಮಾಡಬೇಕು. ನನಗೆ ಅಂದೇ ಇನ್ನೊಂದು ಕಡೆ ಹೋಗಬೇಕಿತ್ತು. ಬ್ಯಾಗ್ ಹಾಕಿಕೊಂಡು ಎದ್ದೆ.

ಡೆರಿಕ್ ಕೇಳಿದ: “ಅವಕ್ಕೆ ತುಂಬಾ ನೋವಾಯಿತಾ, ಲವ್?”

ಇಲ್ಲ ಎಂದುಬಿಡುವುದು ಸುಲಭವಿತ್ತು. “ಅಷ್ಟು ಚಳಿಯಲ್ಲಿ ಮೀನಿನ ಮೈಯೆಲ್ಲ ಮಂಕಾಗಿರುತ್ತದೆ,” ಎಂದೆ. “ಆದರೆ ನೋವು ಎಷ್ಟೆಂದು ನನಗೆ ಗೊತ್ತಿಲ್ಲ, ಡೆರಿಕ್. ಯಾರಿಗೂ ಗೊತ್ತಿಲ್ಲ.”

ಅವನು ತಲೆಯಾಡಿಸಿ, “ಚಹಾ ಕುಡಿದು ಹೋಗುತ್ತೀಯಾ?” ಎಂದ. ನಾನು ಬ್ಯಾಗ್ ಕೆಳಗಿಟ್ಟು ಕೂತೆ. ಆ ಇನ್ನೊಂದು ಕಡೆಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ.

ಚಹಾದ ಕಪ್‌ಗಳು ಕೈಯಿಂದ ಕೈಗೆ ಬಂದವು. ಆಮೇಲೆ ಒಬ್ಬ, ಹೆಂಡತಿ ಆಸ್ಪತ್ರೆಯಲ್ಲಿದ್ದ ವರ್ಷ ತಾನು ಹಿಡಿದ ಒಂದು ಮೀನಿನ ಕಥೆ ಹೇಳಿದ. ಅದು ಮುಗಿಯುವುದರೊಳಗೆ ಇನ್ನೊಬ್ಬ ತನ್ನದನ್ನು ಶುರುಮಾಡಿದ. ಗಣಿಯ ಹೆಸರುಗಳು ಬಂದವು, ತೀರಿಹೋದವರ ಹೆಸರುಗಳು ಬಂದವು. ನಡುವೆ ಯಾರೋ ನಕ್ಕರು. ಯಾವ ಮೀನು ಎಷ್ಟು ತೂಗಿತ್ತು ಎಂಬುದರ ಮೇಲೆ ಇಬ್ಬರು ಜಗಳವಾಡಿದರು. ಅವರ ಪ್ರಶ್ನೆಗಳೆಲ್ಲ ಮುಗಿದಿದ್ದವು, ನನ್ನ ಬಳಿ ಉತ್ತರಗಳೂ ಮುಗಿದಿದ್ದವು. ಆದರೂ ಯಾರೂ ನನ್ನನ್ನು ಹೊರಗಿನವಳಂತೆ ನೋಡಲಿಲ್ಲ.

ಈ ಕೆಲಸದಲ್ಲಿ ನಾನು ಉಳಿಸಿದ ಕೊಳಗಳು ಹಲವಾರಿವೆ. ಅವುಗಳ ವಿವರ ಈಗ ನೆನಪಿಲ್ಲ. ಈ ಕೊಳ ನನಗೆ ಕಲಿಸಿದ್ದು ಬೇರೆ. ಕೈಯಲ್ಲಿದ್ದ ಉಪಾಯ ಮುಗಿದಾಗ ಕೆಲಸ ಮುಗಿಯಿತೆಂದು ತಿಳಿದು ನಾವು ಕಾರು ಹತ್ತಿಬಿಡುತ್ತೇವೆ. ಕಳೆದುಕೊಂಡವರು ಅಲ್ಲಿಂದ ಹೋಗುವಂತಿಲ್ಲ. ಅವರ ಮನೆ ಅಲ್ಲೇ ಇರುತ್ತದೆ. ಹಾಗಾಗಿ ಆಮೇಲಿನ ವರ್ಷಗಳಲ್ಲಿ ಕೆಟ್ಟ ಸುದ್ದಿ ಹೇಳಬೇಕಾದ ದಿನ ನಾನು ಬೇರೆ ಕಡೆ ಹೋಗುವ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ.