ಸ್ಕೋಲಿನ್ ಪಕ್ಕದ ಮಲ್ಲಿಗೆ

ಇವತ್ತು ಬೆಳಿಗ್ಗೆ ಹೆಬ್ಬಾಳದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಥಿಯೇಟರಿನ ಫ್ರಿಜ್ ತೆಗೆದೆ. ಔಷಧಿ ಸೀಸೆಗಳ ನಡುವಿನಿಂದ ಮಲ್ಲಿಗೆ ಘಮ ಬಂತು. ಯಾರೋ ಸಿಸ್ಟರ್ ಮುಡಿದ ಹೂವನ್ನು ಅಲ್ಲಿಟ್ಟಿದ್ದರು. ಬೈಯಬೇಕಿತ್ತು. ಅಷ್ಟರಲ್ಲಿ ನಮ್ಮ ಮೇಡಂ ನೆನಪಾದರು...

ಅರಿವಳಿಕೆ ಕೊಡುವ ಕೆಲಸ ನನಗೆ ಕಲಿಸಿದವರು ಅವರು. ಥಿಯೇಟರಿಗೆ ಹೂವು ಮುಡಿದು ಹೋಗುವಂತಿಲ್ಲ; ಹಾಗೆಂದು ಹೂವು ಬಿಡುವ ಹೆಂಗಸೂ ಅವರಲ್ಲ. ಟೋಪಿ ಹಾಕುವ ಮುಂಚೆ ದಂಡೆ ತೆಗೆದು ಸ್ಕೋಲಿನ್ ಸೀಸೆಗಳ ಪಕ್ಕ ಇಟ್ಟು ಬರುತ್ತಿದ್ದರು. ಉಸಿರಿನ ನಳಿಗೆಯನ್ನು ಗಂಟಲಿಗೆ ಇಳಿಸುವಾಗ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿ ಅದು. ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಅದೇ ಕೆಲಸದ ಇನ್ನೊಂದು ಔಷಧಿ ರೋಕ್ಯುರೋನಿಯಂ ಕೂಡ, ಡೋಸ್ ಹೆಚ್ಚಿಸಿದರೆ, ಹೆಚ್ಚುಕಡಿಮೆ ಅಷ್ಟೇ ಬೇಗ ಹಿಡಿಯುತ್ತದೆ. ಬಿಡುವುದು ಮಾತ್ರ ನಿಧಾನ. ಎರಡರಲ್ಲಿ ಯಾವುದು ಮೇಲು ಎಂದರೆ ಮೇಡಂ ಸಿಡುಕುತ್ತಿದ್ದರು. "ಯಾರಿಗೆ ಅಂತ ಮೊದ್ಲು ಕೇಳಮ್ಮ."

ಒಂದು ದಿನ ಬೇರೊಂದು ನರ್ಸಿಂಗ್ ಹೋಮಿನಲ್ಲಿ ಗಂಗಾನಗರದ ಟೈಲರ್ ಒಬ್ಬರನ್ನು ಚರ್ಮ ಕಸಿಗೆಂದು ಮಲಗಿಸಿದ್ದರು. ಕೆಲವು ವಾರಗಳ ಹಿಂದೆ ಗ್ಯಾಸ್ ಹೊತ್ತಿಕೊಂಡು ಎದೆ, ಒಂದು ತೋಳು ಸುಟ್ಟಿದ್ದವು. ಅಂಥ ಮೈಗೆ ಸ್ಕೋಲಿನ್ ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏಕಾಏಕಿ ಏರಿ ಹೃದಯವೇ ನಿಂತುಬಿಡಬಹುದು. ಫ್ರಿಜ್ಜಿನಲ್ಲಿದ್ದದ್ದು ಅದೊಂದೇ. ಸರ್ಜನ್‌ಗೋ ಮುಂದಿನ ಕೇಸಿನ ಅವಸರ.

"ಹಾಕ್ಬಿಡಿ ಮೇಡಂ. ಎಷ್ಟು ಜನಕ್ಕೆ ಹಾಕಿಲ್ಲ ನಾವು?" ಎಂದರು.

"ಸುಟ್ಟಿರೋ ಮೈಗೆ ನಾನ್ ಹಾಕಲ್ಲ ಸಾರ್. ರೋಕ್ಯುರೋನಿಯಂ ತರ್ಸಿ, ಕಾಯ್ತೀನಿ."

"ಹಂಗಾದ್ರೆ ಬೇರೆಯೋರನ್ನ ಕರೀತೀನಿ."

"ಕರೀರಿ. ಅವ್ರಿಗೂ ಇದನ್ನೇ ಹೇಳ್ತೀನಿ," ಎಂದ ಮೇಡಂ ಸ್ಟೂಲು ಎಳೆದುಕೊಂಡು ಟೈಲರ್ ತಲೆಯ ಬಳಿ ಕೂತೇಬಿಟ್ಟರು.

ಎಚ್ಚರವಾಗಿದ್ದ ಟೈಲರ್ ಹೆದರಿ ಏನಾಯಿತೆಂದು ಕೇಳಿದರು. "ಏನಿಲ್ಲಣ್ಣ, ನಿಮ್ ಔಷಧಿ ಬರ್ಬೇಕು, ಅಷ್ಟೇ," ಎಂದು ಮೇಡಂ ಅವರ ಸುಡದೆ ಉಳಿದಿದ್ದ ಕೈ ಹಿಡಿದುಕೊಂಡರು. ಔಷಧಿ ಯಶವಂತಪುರದಿಂದ ಐಸ್ ಡಬ್ಬಿಯಲ್ಲಿ ಬರುವವರೆಗೆ ಆ ಕೈ ಬಿಡಲಿಲ್ಲ. ಆಪರೇಷನ್ ಸಸೂತ್ರವಾಗಿ ಮುಗಿಯಿತು.

ನಮ್ಮಂಥವರಿಗೆ ಸರ್ಜನ್ ಕರೆದರಷ್ಟೇ ಕೆಲಸ. ಆ ನರ್ಸಿಂಗ್ ಹೋಮಿನಿಂದ ಮೇಡಂಗೆ ಮತ್ತೆ ಕರೆ ಬರಲಿಲ್ಲ. ಅವರೂ ಹಲ್ಲುಗಿಂಜಿಕೊಂಡು ಹೋಗಲಿಲ್ಲ. ಹೋದ ವರ್ಷ ತೀರಿಕೊಂಡರು... ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಸರ್ಜನ್ ಎದ್ದು ನಿಂತು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವ ಅವರದು ಎಂದರು. ನನಗೆ ಮೈಯೆಲ್ಲ ಉರಿಯಿತು. ಮೇಡಂ ಯಾರೊಂದಿಗೂ ಹೊಂದಿಕೊಂಡು ಹೋದವರಲ್ಲ, ಅದಕ್ಕೇ ಆ ಟೈಲರ್ ಬದುಕಿದ್ದು.

ಇವತ್ತು ಮೇಜಿನ ಮೇಲಿದ್ದದ್ದು ಬೆನ್ನುಹುರಿಗೆ ಪೆಟ್ಟಾಗಿ, ಕಾಲು ಸ್ವಾಧೀನ ತಪ್ಪಿ ವಾರಗಟ್ಟಲೆ ಮಲಗಿದ್ದ ಹುಡುಗಿ. ಸ್ಕೋಲಿನ್ ಅವಳಿಗೂ ಅಷ್ಟೇ ಅಪಾಯ. ಇಲ್ಲಿಯೂ ಫ್ರಿಜ್ಜಿನಲ್ಲಿ ಅದೊಂದೇ ಇತ್ತು.

"ಇನ್ನೂ ಎಷ್ಟೊತ್ತು ಮೇಡಂ?" ಎಂದು ಇಲ್ಲಿನ ಸರ್ಜನ್ ನನ್ನನ್ನು ಕೇಳಿದರು.

"ರೋಕ್ಯುರೋನಿಯಂ ಬರೋವರ್ಗೂ ಸಾರ್," ಎಂದು ಫ್ರಿಜ್ ಮುಚ್ಚಿದೆ.

ಹೊರಗೆ ಹೋಗಿ ನಮ್ಮ ಮೇಡಂಗೆ ಫೋನ್ ಮಾಡಿ ಹೇಳೋಣವೆಂದರೆ ಆ ಕಡೆ ಎತ್ತುವವರಿಲ್ಲ. ಅದೇ ಸಂಕಟ. ನಾಳೆಯಿಂದ ನನಗೂ ಇಲ್ಲಿಂದ ಕರೆ ಬರದಿರಬಹುದು. ಬರದಿದ್ದರೆ ಬೇಡ. ಸ್ಟೂಲು ಎಳೆದುಕೊಂಡು ಹುಡುಗಿಯ ತಲೆಯ ಬಳಿ ಕೂತೆ.